ಲವಂಗ ಚುಚ್ಚಿದ ಮಾದಲ ಹಣ್ಣು

ಅರ್ಜೆಂಟೀನಾದ ಎಂತ್ರೆ ರಿಯೋಸ್ ಸೀಮೆಯ ಆ ಪುಟ್ಟ ಊರಿನ ಯಹೂದಿ ಮಕ್ಕಳಲ್ಲಿ ಫೆಯ್ಗಾ ಸ್ಕ್ಲಾರಳ ಅಂಟು ಮೈಗೆ ಮೆತ್ತಿಕೊಳ್ಳದೆ ಬೆಳೆದವರು ಒಬ್ಬರೂ ಇಲ್ಲ. ಇಪ್ಪತ್ತೆರಡು ವರ್ಷದಿಂದ ಪ್ರತಿ ಮಂಗಳವಾರ ಪ್ರಾರ್ಥನಾ ಮಂದಿರದ ಹಿಂದಿನ ಕೋಣೆಯಲ್ಲಿ ಚಿಳ್ಳೆಪಿಳ್ಳೆಗಳನ್ನು ಗುಡ್ಡೆ ಹಾಕಿಕೊಂಡು ಕೈಕೆಲಸ ಕಲಿಸುತ್ತ ಕೂರುವಳು. ಪುರಿಮ್ ಹಬ್ಬಕ್ಕೆ ಡಬ್ಬಿಯೊಳಗೆ ಬೇಳೆ ಹಾಕಿ ಗಿಲಕಿ, ಹನುಕ್ಕಾಕ್ಕೆ ಜೇಡಿಮಣ್ಣಿನ ದೀಪ, ಚಪ್ಪರದ ಹಬ್ಬಕ್ಕೆ ಬಣ್ಣದ ಕಾಗದದ ಸರಪಳಿ. ಮದುವೆ ಯಾಕಾಗಲಿಲ್ಲ ಎಂದು ಕೆಣಕಿದವರಿಗೆ, "ಅಂಟು ಒಣಗಲಿ ಅಂತ ಕಾಯ್ತಾ ಕೂತೆ, ವಯಸ್ಸೇ ಒಣಗಿಹೋಯ್ತು" ಅನ್ನುವಳು.

ಅಪ್ಪ ಅಮ್ಮ ಬೇಗ ತೀರಿಕೊಂಡಾಗ ಅವಳನ್ನು ಸಾಕಿದ್ದು ಅಕ್ಕ ಮಾಲ್ಕೆ ಮತ್ತು ಭಾವ ನೌಮ್. ನೌಮ್ ಮಂದಿರದ ಅಧ್ಯಕ್ಷ. ಭಾವ ಹೇಳಿದ ಮೇಲೆ ಫೆಯ್ಗಾಳಿಗೆ ಎರಡು ಮಾತಿಲ್ಲ.

ಚಪ್ಪರದ ಹಬ್ಬಕ್ಕೆ ಇಡೀ ಊರಿಗೆ ಒಂದೇ ಮಾದಲ ಹಣ್ಣು. ಬ್ಯೂನಸ್ ಐರಿಸ್‌ನಿಂದ ನಾರಿನಲ್ಲಿ ಸುತ್ತಿಕೊಂಡು ಬರಬೇಕು. ಎಲ್ಲರೂ ಸರದಿಯಲ್ಲಿ ಅದನ್ನು ಖರ್ಜೂರದ ಗರಿಯ ಜೊತೆ ಹಿಡಿದು ಪ್ರಾರ್ಥನೆ ಹೇಳುತ್ತಾರೆ. ತುದಿಯ ಮೊಗ್ಗು ಮುರಿಯಿತೋ, ಹಣ್ಣು ಕೆಲಸಕ್ಕೆ ಬಾರದು. ಹಬ್ಬ ಮುಗಿದ ಮೇಲೆ ಅದು ಫೆಯ್ಗಾಳ ಮಕ್ಕಳಿಗೆ. ಮೈತುಂಬ ಲವಂಗ ಚುಚ್ಚಿ ಒಣಗಿಸಿದರೆ, ಶನಿವಾರ ಸಂಜೆ ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತನ್ನು ಬೀಳ್ಕೊಡುವಾಗ ಎಲ್ಲರೂ ಮೂಸುವುದು ಅದನ್ನೇ.

ಆ ವರ್ಷ ಹಬ್ಬಕ್ಕೆ ವಾರ ಮೊದಲೇ ನೌಮ್ ತನ್ನ ಅಡುಗೆಮನೆಯಲ್ಲಿ ಹಣ್ಣನ್ನು ನಾದಿನಿಯ ಕೈಗಿಟ್ಟ. ತುದಿ ಮುರಿದಿತ್ತು.

"ದಾರೀಲೇ ಮುರಿದಿದೆ. ಶುಕ್ರವಾರದ ರೈಲಿಗೆ ಬೇರೇದು ಬರುತ್ತೆ. ಇದನ್ನ ನಿನ್ನ ಕಪಿಸೈನ್ಯಕ್ಕೆ ಕೊಡು."

"ನಿಜಾನಾ ಭಾವ?"

"ನಿಂಗೆ ಯಾವತ್ತಾದ್ರೂ ಸುಳ್ಳು ಹೇಳಿದೀನಾ?"

ಹಿಟ್ಟು ನಾದುತ್ತಿದ್ದ ಮಾಲ್ಕೆ, "ತಗೊಂಡ್ಹೋಗೇ, ಲವಂಗ ನಾನು ಕೊಡ್ತೀನಿ" ಎಂದು ಕೈ ಒರೆಸಿಕೊಂಡು ಪೊಟ್ಟಣ ಕಟ್ಟಿಕೊಟ್ಟಳು. ಮಕ್ಕಳು ಹಣ್ಣಿನ ಮೈಯಲ್ಲಿ ಬೆರಳಿಡಲು ಜಾಗವಿಲ್ಲದಂತೆ ಚುಚ್ಚಿದರು.

ಹಬ್ಬದ ಬೆಳಿಗ್ಗೆ ಊರಿನವರೆಲ್ಲ ಚಪ್ಪರದಡಿ ನಿಂತಿದ್ದಾರೆ, ಖರ್ಜೂರದ ಗರಿ ಸಿದ್ಧ, ಹಣ್ಣೇ ಇಲ್ಲ. ನೌಮ್ ಗಂಟಲು ಸರಿಮಾಡಿಕೊಂಡ. "ಏನಂತ ಹೇಳಲಿ. ನಮ್ಮ ಫೆಯ್ಗಾ ಮಕ್ಕಳ ಆಟಕ್ಕೆ ಅಂತ ಎತ್ಕೊಂಡ್ಹೋಗಿ ಚುಚ್ಚಿಬಿಟ್ಟಿದಾಳೆ. ನನ್ನನ್ನ ಒಂದು ಮಾತು ಕೇಳ್ಲಿಲ್ಲ."

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಹೇಳುವುದು? ಫೆಯ್ಗಾ ಅಕ್ಕನ ಕಡೆ ತಿರುಗಿದಳು. "ಅಕ್ಕ, ನೀನಲ್ಲೇ ಇದ್ದೆಯಲ್ಲ. ಹೇಳು."

ಮಾಲ್ಕೆ ತಲೆವಸ್ತ್ರ ಸರಿಪಡಿಸಿಕೊಂಡಳು. "ನಾನು ಹಿಟ್ಟು ನಾದ್ತಿದ್ದೆ. ಏನೂ ಕೇಳಿಸ್ಲಿಲ್ಲ."

ಭಾವನ ಸುಳ್ಳಿಗೆ ಫೆಯ್ಗಾಳಿಗೆ ಸಿಟ್ಟು ಬಂದಿತ್ತು. ಅಕ್ಕನ ಸುಳ್ಳಿಗೆ ಸಿಟ್ಟೂ ಬರಲಿಲ್ಲ, ಕಾಲಡಿಯ ನೆಲವೇ ಹೋದಂತಾಯಿತು. ಹಿಂದೆ ಯಾರೋ, "ಮಕ್ಕಳ ಜೊತೆ ಇದ್ದೂ ಇದ್ದೂ ಇವಳ ಬುದ್ಧೀನೂ ಐದು ವರ್ಷಕ್ಕೇ ನಿಂತಿದೆ. ಇಂಥವಳ ಕೈಗೆ ಮಕ್ಕಳನ್ನ ಬಿಡೋದು ಹೇಗೆ?" ಅಂದರು. ಆ ಮಾತಿಗೆ ಹಲವರು ತಲೆಯಾಡಿಸಿದರು. ಅವಳ ಬದುಕಿನಲ್ಲಿ ಇದ್ದದ್ದೇ ಆ ಮಂಗಳವಾರಗಳು.

ಮಾರನೆಯ ಸಂಜೆ ಮಾಲ್ಕೆ ಸಾರಿನ ಪಾತ್ರೆ ಹಿಡಿದುಕೊಂಡು ಬಂದಳು. "ಅವರೇ ಬೀಳಿಸಿದ್ದು ಕಣೇ. ಬೇರೆ ಹಣ್ಣಿಗೆ ಬರೆದೂ ಇರ್ಲಿಲ್ಲ. ಕೈ ನಡುಗುತ್ತೆ ಅಂತ ಗೊತ್ತಾದ್ರೆ ಅಧ್ಯಕ್ಷಗಿರಿ ಹೋಗುತ್ತೆ. ನಿಂದೇನು, ಒಂಟಿ ಜೀವ, ನಾಲ್ಕು ದಿನ ಅಂದು ಮರೀತಾರೆ. ನಾನು ಅವರ ಜೊತೆ ಬಾಳಬೇಕಲ್ಲ."

"ನನ್ನ ಜೊತೆ ಹುಟ್ಟಿದೀಯಲ್ಲ ಅಕ್ಕ," ಎಂದಳು ಫೆಯ್ಗಾ. "ನಾಳೆ ಎಲ್ಲರ ಮುಂದೆ ನಿಜ ಹೇಳ್ತೀಯಾ?"

"ಪಾತ್ರೆ ಆಮೇಲೆ ಕಳಿಸು," ಎಂದು ಮಾಲ್ಕೆ ಎದ್ದಳು.

ಹಬ್ಬ ಕಳೆದ ಮೊದಲ ಮಂಗಳವಾರ ಫೆಯ್ಗಾ ಕೋಣೆ ಗುಡಿಸಿ ಒಂಬತ್ತು ಸ್ಟೂಲು ಹಾಕಿದಳು. ಯಾರೂ ಬರಲಿಲ್ಲ. ಹತ್ತು ಗಂಟೆಗೆ ಪುಟ್ಟ ದ್ವೋಯ್ರೆ ಒಬ್ಬಳೇ ಬಾಗಿಲಲ್ಲಿ ನಿಂತಳು. ಅವಳಮ್ಮ ಬೀದಿಯಲ್ಲೇ ಉಳಿದು ಬೇರೆಲ್ಲೋ ನೋಡುತ್ತಿದ್ದಳು.

"ಒಳಗೆ ಬಾ ಕಂದ."

"ಇಲ್ಲ ಟೀಚರ್. ಕತ್ತರಿ ಎಲ್ಲ ಇಸ್ಕೊಂಡ್ ಬಾ ಅಂದ್ರು," ಎಂದಿತು ಮಗು. "ಇನ್ಮೇಲೆ ಮಾಲ್ಕೆ ಅಜ್ಜಿ ಕಲಿಸ್ತಾರಂತೆ."

ಫೆಯ್ಗಾ ಕತ್ತರಿಗಳನ್ನು ಬಟ್ಟೆಯಲ್ಲಿ ಸುತ್ತಿ, ಮೊನೆ ತಾಗದ ಹಾಗೆ ಗಂಟು ಹಾಕಿ, ಆ ಪುಟ್ಟ ಕೈಗೆ ಕೊಟ್ಟಳು.