ಗೋಡೆಗೆ ಬೇಡವಾದ ಹದ್ದು

ಕಣಕಟ್ಟೆಯಲ್ಲಿ ಅರಸೀಕೆರೆ ಬಸ್ಸಿಗೆ ಕಾಯುತ್ತಾ ಹೋಟೆಲಿನಲ್ಲಿ ಕೂತಿದ್ದೇನೆ. ಚೀಲದಲ್ಲಿ ನಮ್ಮ ಪಕ್ಷಿ ಸಂರಕ್ಷಣೆ ತಂಡದ ಕೊನೆಯ ಪೋಸ್ಟರ್ ಉಳಿದಿದೆ. ಅದರಲ್ಲಿ ರಣಹದ್ದಿನ ದೊಡ್ಡ ಚಿತ್ರ. ದನಕ್ಕೆ ಕೊಡುವ ನೋವಿನ ಔಷಧಿಯೊಂದು, ಆ ದನ ಸತ್ತ ಮೇಲೆ ಅದರ ಮಾಂಸ ತಿಂದ ಹದ್ದನ್ನು ಕೊಲ್ಲುತ್ತದೆ, ಅದನ್ನು ಬಳಸಬೇಡಿ ಎಂದು ಕೆಳಗೆ ಬರೆದಿದ್ದೇವೆ. ಗೋಡೆಗೆ ಅಂಟಿಸಲೇ ಎಂದು ಕೇಳಿದ್ದಕ್ಕೆ ಹೋಟೆಲಿನವರು ಕೈ ಅಡ್ಡ ಹಿಡಿದರು.

"ಹದ್ದು ಸೂರಿನ ಮೇಲೆ ಕೂತ್ರೆ ನಾವು ಮನೇನೇ ಬಿಡ್ತೀವಿ. ನೀವು ಒಳಗೇ ತಂದು ಕೂರಿಸ್ತೀರಲ್ಲ ಸ್ವಾಮಿ!"

ನನಗೆ ರೇಗಿತು. ಇಂಥ ನಂಬಿಕೆಗಳಿಂದಲೇ ಹಕ್ಕಿಗೆ ಈ ಗತಿ ಬಂದಿದ್ದು ಎಂದುಬಿಟ್ಟೆ.

ಪಕ್ಕದಲ್ಲಿ ಟೀ ಕುಡಿಯುತ್ತಿದ್ದ ಅಜ್ಜಿಯೊಬ್ಬರು ಪೋಸ್ಟರನ್ನು ಇಸಕೊಂಡು, ತೊಡೆಯ ಮೇಲೆ ಹರಡಿ, ಬಹಳ ಹೊತ್ತು ನೋಡಿದರು.

"ನಮ್ಮ ಮನೆ ಮೇಲೆ ಕೂತಿದ್ದು ಇದೇ ಕಣಪ್ಪ. ಒಂದು ಕಲ್ಲೂ ಹೊಡೀಲಿಲ್ಲ ನಾವು. ಬಾಗಿಲಿಗೆ ಮುಳ್ಳು ಹಾಕಿ, ಮೂರು ತಿಂಗಳು ತೋಟದ ಗುಡಿಸಲಲ್ಲಿದ್ವಿ."

ಮಾತಿಗೆಂದು ಕೇಳಿದೆ: "ಈಗಲೂ ಹಾಗೆ ಮನೆ ಬಿಡ್ತೀರಾ ಅಜ್ಜಿ?"

ಅವರು ಪೋಸ್ಟರನ್ನು ಸುಕ್ಕಾಗದಂತೆ ಸುತ್ತಿ ನನ್ನ ಕೈಗಿಟ್ಟರು.

"ಬಿಡೋಕೆ, ಅದು ಬಂದು ಕೂರಬೇಕಲ್ಲಪ್ಪ."