ಅಕ್ಕೋರ ಅಕ್ಷರ

ಅಕ್ಕೋರ ಬಲಗೈಯ ನಡುಬೆರಳ ಮೇಲೆ ಹುಣಸೆಬೀಜದಷ್ಟು ದೊಡ್ಡ ಗಂಟೊಂದಿತ್ತು. ಬಿದಿರ ಕಡ್ಡಿಯ ತುದಿಯನ್ನು ಓರೆಯಾಗಿ ಕೆತ್ತಿ, ಮಸಿಯಲ್ಲಿ ಅದ್ದಿ ಬರೆದು ಬರೆದು ಎದ್ದ ಗಂಟು. ತಿರ್ಲಾಪುರದ ಶಾಲೆಯಲ್ಲಿ ನನ್ನ ಕೈ ಹಿಡಿದು ಅಕ್ಷರ ತಿದ್ದಿಸಿದ ಶಿಕ್ಷಕಿ ಅವರೇ. ನಿವೃತ್ತಿಯಾದ ಮೇಲೆ ನವಲಗುಂದದಲ್ಲಿ ನೆಲೆಸಿದರು. ಸುತ್ತಲಿನ ಊರುಗಳ ಸನ್ಮಾನಪತ್ರ, ಮಕ್ಕಳ ಬಹುಮಾನಪತ್ರ, ಮದುವೆಯ ಕರೆಯೋಲೆಯ ಮೇಲಿನ ಹೆಸರು, ಎಲ್ಲ ಅವರ ಕೈಯಲ್ಲೇ ಆಗಬೇಕು. ಅವರು ಬರೆದ 'ಳ'ದ ಬಾಲ ಅವರೆಬಳ್ಳಿಯ ಕುಡಿಯಂತೆ ಮೆಲ್ಲಗೆ ಸುತ್ತಿಕೊಳ್ಳುತ್ತಿತ್ತು.

ನನ್ನದು ನವಲಗುಂದದಲ್ಲೇ ಲಗ್ನಪತ್ರಿಕೆ ಮಾಡಿಕೊಡುವ ಸಣ್ಣ ಅಂಗಡಿ. ಒಂದು ದಿನ ಅಕ್ಕೋರ ಮನೆಗೆ ಹೋದಾಗ ಅವರು ಬರೆಸಲು ಬಂದವರನ್ನು ಬಾಗಿಲಿಂದಲೇ ಹಿಂದಕ್ಕೆ ಕಳಿಸುತ್ತಿದ್ದರು. ಕೈ ನಡುಗಲು ಶುರುವಾಗಿತ್ತು.

"ಅಕ್ಕೋರ, ಕೈ ಪೂರ್ತಿ ಸೋಲೂಕಿಂತ ಮೊದಲ ನಿಮ್ಮ ಅಕ್ಷರ ಕಂಪ್ಯೂಟರಿಗೆ ಹಾಕೂಣ್ರಿ. ಫಾಂಟ್ ಮಾಡ್ತೀನಿ, ಯಾವ ಹೆಸರು ಒತ್ತಿದ್ರೂ ನೀವಽ ಬರದಂಗ ಮೂಡ್ತೈತಿ" ಎಂದೆ.

ಅವರು ಬಿದಿರ ಕಡ್ಡಿಯನ್ನು ಕೈಗೆತ್ತಿಕೊಂಡರು. "ಬಿಡಿ ಬಿಡಿ ಅಕ್ಷರ ಬರಿಯಾಕ ನನಗ ಬರೂದಿಲ್ಲ ತಂಗಿ. ಹೆಸರು ಹೇಳು, ಬರೀತೀನಿ" ಎಂದರು.

ಬೆಳಗಿನ ಚಹಾ ಆದ ಮೇಲೆ ಅವರ ಕೈ ಸ್ವಲ್ಪ ಹಿಡಿತದಲ್ಲಿರುತ್ತಿತ್ತು. ಆಗ ಹೋಗಿ ಕೂರುತ್ತಿದ್ದೆ. ಹೆಸರು ಹೇಳಬೇಕಾದವಳು ನಾನು, ಆದರೆ ಅವರೇ ಹಳೆಯ ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು ಬರೆಯತೊಡಗಿದರು. 'ಝ'ಕ್ಕೆ ನಾನು ತಡಕಾಡುತ್ತಿದ್ದಾಗ, "ಝರೀನಾ ಇದ್ದಳಲ್ಲ, ಯಮನೂರಾಕಿ! ಅಗದಿ ಮಾತಿನ ಮಲ್ಲಿ" ಎಂದು ನಗುತ್ತ ಬರೆದುಬಿಟ್ಟರು.

ಆ ಹೆಸರುಗಳಿಂದ ಅಕ್ಷರ ಬಿಡಿಸಿ ಕಂಪ್ಯೂಟರಿಗೆ ಏರಿಸಿದೆ. ಗೆರೆಗಳ ಅಂಚು ಅಲ್ಲಲ್ಲಿ ಅಲುಗಿತ್ತು. ನನಗೆ ಅದೇ ಚೆಂದವೆನಿಸಿ ಹಾಗೇ ಉಳಿಸಿದ್ದೆ. ತೆರೆಯ ಮೇಲೆ ನೋಡಿದ್ದೇ ಅಕ್ಕೋರು ಸಿಟ್ಟಾದರು.

"ನಡಗೂದು ನನ್ನ ಕೈ, ಅಕ್ಷರ ಅಲ್ಲ. ಮದಿವಿ ಹುಡುಗಿ ಹೆಸರು ಯಾಕ ನಡಗಬೇಕು? ತಿದ್ದು!"

ತಿದ್ದಿದೆ. ಅವರು ಪಕ್ಕದಲ್ಲೇ ಕುಳಿತು ಪ್ರತಿ ತಿರುವನ್ನೂ ಗಾಳಿಯಲ್ಲಿ ಬೆರಳಾಡಿಸಿ ತೋರಿಸಿದರು. ಆ ಅಕ್ಷರದಲ್ಲಿ ಮೊದಲ ಲಗ್ನಪತ್ರಿಕೆ ಅಚ್ಚಾಗಿ ಬಂದಾಗ ಕನ್ನಡಕ ಏರಿಸಿ, ಬೆಳಕಿಗೆ ಹಿಡಿದು ನೋಡಿದರು.

"ನಾನಽ ಬರದಂಗ ಐತಿ" ಎಂದರು. ಆಮೇಲೆ ಮೆಲ್ಲಗೆ, "ನನಗಿಂತ ಒಂದೀಟು ಚಲೋನ ಐತಿ."

ಆ ದಿನ ನನ್ನನ್ನು ಊಟ ಮಾಡಿಸದೆ ಬಿಡಲಿಲ್ಲ.

ಹೋದ ವರ್ಷ ಅಕ್ಕೋರು ತೀರಿಕೊಂಡರು. ಮೊನ್ನೆ ಬಮ್ಮಿಗಟ್ಟಿಯ ಹೆಣ್ಣುಮಗಳೊಬ್ಬಳು ಮೊಮ್ಮಗಳನ್ನು ಎತ್ತಿಕೊಂಡು ಅಂಗಡಿಗೆ ಬಂದಳು. ಕೈಯಲ್ಲಿ ನಾನು ಮಾಡಿಕೊಟ್ಟ ಯಾರದೋ ಲಗ್ನಪತ್ರಿಕೆ. ಅಕ್ಕೋರು ನೌಕರಿಗೆ ಸೇರಿದ ಹೊಸದರಲ್ಲಿ ಆ ಊರಿನಲ್ಲಿದ್ದರಂತೆ.

"ಇದು ನಮ್ಮ ಅಕ್ಕೋರ ಕೈರಿ. ನನ್ನ ಪಾಟಿ ಮ್ಯಾಲೆ ಹಿಂಗಽ ಬರದು ಕೊಡ್ತಿದ್ರು. ಹೆಂಗ ಅದಾರ್ರಿ ಅವ್ರು?"

ಹೇಳಿದೆ. ಆಕೆ ಪತ್ರಿಕೆಯ ಮೇಲೆ ಸುಮ್ಮನೆ ಕೈಯಾಡಿಸುತ್ತ ನಿಂತಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, ಮೊಮ್ಮಗಳ ಮೊದಲ ಹುಟ್ಟುಹಬ್ಬಕ್ಕೆ ಇದೇ ಅಕ್ಷರದಲ್ಲಿ ಪತ್ರಿಕೆ ಬೇಕೆಂದಳು. ಕೂಸಿನ ಹೆಸರು ಕೇಳಿ ಒತ್ತಿದೆ. ಅದು ತೆರೆಯ ಮೇಲೆ ಮೂಡಿದಾಗ ಆಕೆ ಮಗುವನ್ನು ಮೇಲಕ್ಕೆತ್ತಿ ಹಿಡಿದಳು.

"ನೋಡವ್ವಾ, ನಮ್ಮ ಅಕ್ಕೋರು ನಿನ್ನ ಹೆಸರೂ ಬರದ್ರು."