ಕಿಸೆಗೆ ಬಿದ್ದ ಮೊಟ್ಟೆಚೂರು

ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಖರೀದಿ ಮಾಡುತ್ತಲೇ ನನ್ನ ಕೂದಲು ಬೆಳ್ಳಗಾಯಿತು. ರಾಶಿಗೆ ಕೈ ಹಾಕುವುದು, ಒಂದು ಕಾಯಿ ಮುರಿದು ಮೂಸುವುದು, ಇನ್ನೊಂದನ್ನು ಸ್ಯಾಂಪಲ್ ಎಂದು ಕಿಸೆಗೆ ಇಳಿಸುವುದು. ಇದಕ್ಕೆ ಯಾರ ಅಪ್ಪಣೆಯನ್ನೂ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಸಂಜೆ ಅಂಗಿ ಒಗೆಯಲು ಹಾಕುವಾಗ ಹೆಂಡತಿ ಕಿಸೆ ಝಾಡಿಸಿ ಬೈಯುತ್ತಾಳೆ.

ಮಗಳು ಧಾರವಾಡದಲ್ಲಿ ಭೂವಿಜ್ಞಾನ ಓದಿ, ಗುಜರಾತಿನ ಕಡೆ ಒಂದು ಡೈನೋಸಾರ್ ಮ್ಯೂಸಿಯಂನಲ್ಲಿ ತರಬೇತಿಗೆ ಸೇರಿದ್ದಳು. "ಕಲ್ಲು ಆರಿಸಾಕ ಇಷ್ಟ ಓದಬೇಕಿತ್ತೇನು?" ಎಂದು ಹಂಗಿಸಿದವನು ನಾನೇ. ಕೆಲಸ ಮೆಚ್ಚುಗೆಯಾದರೆ ಅಲ್ಲೇ ಕಾಯಂ ಮಾಡಿಕೊಳ್ಳುತ್ತಾರಂತೆ. "ಒಮ್ಮೆ ಬಂದು ನೋಡಪಾ" ಎಂದು ಫೋನಿನಲ್ಲಿ ಗಂಟುಬಿದ್ದಳು. ಕಡೆಗೊಮ್ಮೆ ರಾಣೆಬೆನ್ನೂರಿನಲ್ಲಿ ರೈಲು ಹತ್ತಿದೆ.

ಮ್ಯೂಸಿಯಂ ನೋಡಿ ದಂಗಾದೆ, ಆದರೆ ಮಗಳಿಗೆ ತೋರಗೊಡಲಿಲ್ಲ. ತೊಡೆಯ ಮೂಳೆಯೊಂದೇ ನನ್ನ ಎದೆಮಟ್ಟ ಇತ್ತು. ತೆಂಗಿನಕಾಯಿ ಗಾತ್ರದ ಮೊಟ್ಟೆಗಳು ಕಲ್ಲಾಗಿ ಕೂತಿದ್ದವು. ಹಿಂದಿನ ದಿಬ್ಬದಲ್ಲಿ ಅಗೆತ ನಡೆದಿತ್ತು. ಹಗ್ಗ ಎಳೆದು ನೆಲವನ್ನು ಚೌಕ ಚೌಕ ಮಾಡಿದ್ದರು. ಅದರಲ್ಲಿ ಒಂದು ಚೌಕ ಅವಳದು. ಮೊಟ್ಟೆಯ ಚೂರು ಕಂಡಲ್ಲೆಲ್ಲ ಪಕ್ಕದಲ್ಲೊಂದು ನಂಬರಿನ ಚೀಟಿ ಚುಚ್ಚಿದ್ದಳು.

"ಏನೂ ಮುಟ್ಟಬ್ಯಾಡಪಾ" ಎಂದು ಹೇಳಿ, ಅವಳ ಮೇಡಂ ಕರೆದರೆಂದು ಅತ್ತ ಹೋದಳು. ನಾನು ಕುಕ್ಕರುಗಾಲಲ್ಲಿ ಕೂತೆ. ಈ ಹಾಳು ಕೈ ಸುಮ್ಮನಿರಬೇಕಲ್ಲ! ಉಗುರಿನಷ್ಟು ಅಗಲದ ಒಂದು ಚೂರನ್ನು ಎತ್ತಿ, ಕೆರೆದು, ಮೂಸಿಯೂ ನೋಡಿದೆ. ಆಮೇಲೆ ಅದು ಎಲ್ಲಿಗೆ ಹೋಯಿತೋ, ದೇವರಾಣೆ ನನಗೆ ತಿಳಿಯಲಿಲ್ಲ.

ಮೇಡಂ ಜೊತೆ ಬಂದ ಮಗಳು ನೋಟ್‌ಬುಕ್ ತೆರೆದು ಒಂದೊಂದೇ ನಂಬರು ತೋರಿಸತೊಡಗಿದಳು. ಒಂದು ಚೀಟಿಯ ಹತ್ತಿರ ಮಾತು ನಿಂತಿತು. ಚೀಟಿ ಇತ್ತು, ಚೂರು ಇರಲಿಲ್ಲ. ಮಗಳು ಮಣ್ಣಿನಲ್ಲಿ ಮೊಣಕಾಲೂರಿದಳು, ಕುಂಚದಿಂದ ಸುತ್ತಲೂ ಹುಡುಕಿದಳು.

ನನ್ನ ಕೈ ತಾನೇ ಕಿಸೆಗೆ ಹೋಯಿತು. ಬೆರಳಿಗೆ ಚೂರು ತಾಗಿತು. ಹೇಳಿದರೆ ಇವಳಪ್ಪ ಕಳ್ಳ ಎನ್ನುತ್ತಾರೆ, ಇವಳ ಕೆಲಸ ಹೋಗುತ್ತದೆ. ಯಾರೂ ನೋಡದಾಗ ಕೆಳಗೆ ಬಿಟ್ಟುಬಿಡೋಣ ಎಂದು ಮುಷ್ಟಿಯಲ್ಲಿ ಹಿಡಿದುಕೊಂಡೆ.

ಅಷ್ಟರಲ್ಲಿ ಮಗಳು ತಲೆ ಎತ್ತದೆ ಅಂದಳು: "ಎಲ್ಲೆರ ಬಿದ್ದು ಸಿಕ್ಕರೂ ಉಪಯೋಗ ಇಲ್ಲಪಾ. ಯಾವ ಜಾಗಾದಾಗ, ಯಾವ ಮಗ್ಗಲಿಗೆ ಇತ್ತು ಅನ್ನೋದು ಹೋದ್ರ ಅದು ಬರೇ ಕಲ್ಲು."

ನನ್ನ ಮುಷ್ಟಿ ಬಿಚ್ಚಲಿಲ್ಲ.

ಮೇಡಂ ಪಕ್ಕದ ಚೌಕದಲ್ಲಿ ಮಣ್ಣು ಹೊರುತ್ತಿದ್ದ ಹೆಂಗಸಿನತ್ತ ತಿರುಗಿದರು. ಬುತ್ತಿಗಂಟು ಬಿಚ್ಚಿ ತೋರಿಸು ಎಂದರು. ಆಕೆ ಮಣ್ಣಿನ ಬುಟ್ಟಿ ಇಳಿಸಿ ಗಂಟು ಬಿಚ್ಚಿದಳು. ಗಂಟಿನಲ್ಲಿ ಎರಡು ರೊಟ್ಟಿ, ಒಂದು ಉಳ್ಳಾಗಡ್ಡಿ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

"ಆಕೀನ್ನ ಬಿಡ್ರಿ! ನನ್ನ ಕಡೆ ಐತಿ!" ಎಂದು ಕೂಗಿದೆ. ಮೇಡಂಗೆ ಕನ್ನಡ ಬರುತ್ತಿರಲಿಲ್ಲ. ನನ್ನ ಬಿಚ್ಚಿದ ಕೈ ಕಂಡಿತು. ಇವರು ಯಾರು ಎಂದು ಹಿಂದಿಯಲ್ಲಿ ಕೇಳಿದರು. ಮಗಳು ಒಂದು ಕ್ಷಣ ನನ್ನನ್ನೇ ನೋಡಿದಳು. ನಮ್ಮ ಅಪ್ಪ ಎಂದಳು.

ಚೂರು ಎಲ್ಲಿತ್ತು, ಯಾವ ಮಗ್ಗಲು ಮೇಲಿತ್ತು ಎಂದು ನಾನು ತೋರಿಸಿಕೊಟ್ಟೆ. ಯಾವ ಸ್ಯಾಂಪಲ್ ಯಾವ ರಾಶಿಯದೆಂದು ನಾನು ಯಾವತ್ತೂ ತಪ್ಪಿದವನಲ್ಲ. ಮೇಡಂ ನನ್ನ ಮಾತು ನಂಬಬೇಕಾದ ಕಾರಣ ಏನೂ ಇರಲಿಲ್ಲ. ನೋಟ್‌ಬುಕ್ಕನ್ನು ಮಗಳ ಕೈಯಿಂದ ತೆಗೆದುಕೊಂಡು, ಆ ಚೌಕವನ್ನು ಬೇರೆಯವರಿಗೆ ವಹಿಸಿದರು. ಕಾಯಂ ಮಾಡುವ ಮಾತನ್ನು ಯಾರೂ ಎತ್ತಲಿಲ್ಲ.

ಬಸ್ಸಿಗೆ ಕಾಯುವಾಗ ಅವಳು ಬೈದಿದ್ದರೆ ಚೆನ್ನಾಗಿತ್ತು. ನಾನೇ ಅಂದೆ: "ಬೈಯವ್ವಾ, ಹಿಂಗ ಸುಮ್ನ ನಿಂದರಬ್ಯಾಡ."

ಅವಳು ಕೈಗಂಟಿದ ಮಣ್ಣು ಉಜ್ಜಿಕೊಳ್ಳುತ್ತಿದ್ದಳು.

"ಹ್ವಾದ ವಾರನ ಆ ಚೂರನ್ನ ಎತ್ತಿ ಡಬ್ಬ್ಯಾಗ ಇಡಬೇಕಿತ್ತಪಾ" ಎಂದಳು. "ನೆಲದಾಗ ಹೆಂಗ ಇರತೈತಿ ಅಂತ ನೀ ನೋಡ್ಲಿ ಅಂತ ಬಿಟ್ಟಿದ್ದೆ."